ಹಳೇ ಪಿಕಪ್‌ಗೆ ಹೆಚ್ಚುವರಿ ಮೀಟರ್: ಎಲ್ಲಿ ಕೂರಿಸಿದರೆ ಕಾಯುತ್ತದೆ, ಎಲ್ಲಿ ಕೂರಿಸಿದರೆ ಕಾಡುತ್ತದೆ?

ಹಳೇ ಪಿಕಪ್ ಓಡಿಸುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ವಿಡಿಯೊಗಳು ಆಗಾಗ ಸುತ್ತುತ್ತಿರುತ್ತವೆ. ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ ಸಾಲಾಗಿ ಮೂರು ದುಂಡು ಮೀಟರ್, ಒಳಗೆ ನೀಲಿ ಬೆಳಕು, ಕೆಳಗೊಂದು ಸಾಲು: ‘ಇದನ್ನು ಹಾಕಿಸಿದರೆ ಎಂಜಿನ್ ಸೀಜ್ ಆಗುವ ಮಾತೇ ಇಲ್ಲ’. ನೋಡಿದವರಿಗೆ ನಮ್ಮ ಗಾಡಿಗೂ ಇರಲಿ ಅನ್ನಿಸುವುದು ಸಹಜ. ಟಾಟಾ 207, ಬೊಲೆರೊ ಪಿಕಪ್‌ನಂಥ ಗಾಡಿಯನ್ನೇ ನಂಬಿ ಟೊಮೆಟೊ, ತೆಂಗಿನಕಾಯಿ, ಸಿಮೆಂಟು ಸಾಗಿಸುವವರಿಗೆ ಎಂಜಿನ್ ಕೆಟ್ಟಿತೆಂದರೆ ರಿಪೇರಿ ಖರ್ಚಿನ ಜೊತೆಗೆ ಅಷ್ಟೂ ದಿನದ ದುಡಿಮೆ ಹೋಯಿತೆಂದೇ ಲೆಕ್ಕ.

ಈ ವಿಡಿಯೊಗಳಲ್ಲಿ ಅರ್ಧ ನಿಜವಿದೆ. ಹೆಚ್ಚುವರಿ ಮೀಟರ್ ಹಾಕಿಸುವುದು ಒಳ್ಳೆಯ ಯೋಚನೆಯೇ. ಆದರೆ ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ ಅದು ಎಂಜಿನ್ನನ್ನು ಕಾಯುತ್ತದೋ ರಸ್ತೆಯಲ್ಲಿ ಇನ್ನೊಬ್ಬರ ಜೀವಕ್ಕೆ ಕಂಟಕವಾಗುತ್ತದೋ ನಿರ್ಧಾರವಾಗುತ್ತದೆ.

ಚುಟುಕಾಗಿ ಹೇಳುವುದಾದರೆ

- ಯಾವ ತೊಂದರೆ ಎಂಜಿನ್ನನ್ನು ಬೇಗ ಕೆಡಿಸುತ್ತದೋ ಅದರ ಮೀಟರ್ ಕಣ್ಣಿಗೆ ಅಷ್ಟು ಹತ್ತಿರವಿರಬೇಕು.
- ಯಾವ ಮೀಟರೂ ರಸ್ತೆಯ ನೋಟಕ್ಕೆ ಅಡ್ಡ ಬರಬಾರದು. ಗಾಜಿನ ಪಕ್ಕದ ಕಂಬ ನೋಡಲು ಚೆನ್ನ, ಉಳಿದ ವಿಷಯದಲ್ಲಿ ಕೆಟ್ಟ ಜಾಗ.
- ಬಿಸಿ ಆಯಿಲ್ ತುಂಬಿದ ಪೈಪು ಕ್ಯಾಬಿನ್ ಒಳಗೆ ಬರಬಾರದು, ವೈರ್ ಮಾತ್ರ ಬರಲಿ.

ಗಾಡಿಯಲ್ಲಿರುವ ಮೀಟರೇ ಸಾಲದೇ?

ಎಷ್ಟೋ ಗಾಡಿಗಳಲ್ಲಿ ಕಂಪನಿ ಕೊಟ್ಟ ಟೆಂಪರೇಚರ್ ಮುಳ್ಳು ನಿಜವಾದ ಏರಿಳಿತವನ್ನು ಪೂರ್ತಿ ತೋರಿಸುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಮುಳ್ಳು ನಡುವೆ ಬಂದು ನಿಂತರೆ, ಒಳಗೆ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆಯಾದರೂ ಅಲ್ಲೇ ಇರುತ್ತದೆ. ಚಾಲಕರು ಸಣ್ಣಪುಟ್ಟ ಏರಿಳಿತಕ್ಕೆಲ್ಲ ಗಾಬರಿಯಾಗದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಕಾಣುವಂತೆ ಮುಳ್ಳು ಮೇಲೇರುವ ಹೊತ್ತಿಗೆ ಕೆಲವೊಮ್ಮೆ ಹೆಡ್ ಗ್ಯಾಸ್ಕೆಟ್‌ನ ಕಥೆ ಮುಗಿದಿರುತ್ತದೆ.

ಆಯಿಲ್ ವಿಷಯದಲ್ಲಿ ಹೆಚ್ಚಿನ ಗಾಡಿಗಳಲ್ಲಿ ಇರುವುದು ಒಂದು ಕೆಂಪು ದೀಪ ಮಾತ್ರ. ಅದು ಹೊತ್ತಿದರೆ ಆಯಿಲ್ ಕಡಿಮೆಯಾಗಿದೆ ಎಂದು ತುಂಬ ಜನ ನಂಬಿದ್ದಾರೆ. ಆ ದೀಪ ಹೇಳುವುದು ಆಯಿಲ್‌ನ ಒತ್ತಡದ ಬಗ್ಗೆ, ಅಳತೆಯ ಬಗ್ಗೆ ಅಲ್ಲ. ಬಿಸಿಯಾದ ಎಂಜಿನ್ ರಸ್ತೆಯಲ್ಲಿ ಓಡುವಾಗ ಆಯಿಲ್ ಒತ್ತಡ ಸಾಮಾನ್ಯವಾಗಿ 2ರಿಂದ 4 ಬಾರ್ ಆಸುಪಾಸು ಇರುತ್ತದೆ. ದೀಪ ಹೊತ್ತುವುದು ಅದು ಸುಮಾರು ಅರ್ಧ ಬಾರ್‌ಗೋ ಅದಕ್ಕೂ ಕೆಳಗೋ ಇಳಿದಾಗ. 3 ಬಾರ್ ಇದ್ದದ್ದು 1 ಬಾರ್‌ಗೆ ಇಳಿದರೂ ದೀಪ ಮಾತಾಡುವುದಿಲ್ಲ. ಪಂಪು, ಬೇರಿಂಗು ಸವೆದಿರಬಹುದಾದ ಹಳೇ ಎಂಜಿನ್ನಿಗೆ ಈ ನಡುವಿನ ಸುದ್ದಿಯೇ ಮುಖ್ಯ.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸುವ ರೂಢಿ ಇನ್ನೂ ಹೋಗಿಲ್ಲ. ಗಡಸು ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಹಾಗೆಯೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಲೋಡ್ ಹೊತ್ತು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಎರಡನೇ ಗೇರ್‌ನಲ್ಲಿ ಹತ್ತುವಾಗ ಎಂಜಿನ್ ಹೆಚ್ಚು ದುಡಿಯುತ್ತದೆ, ಗಾಳಿ ಕಡಿಮೆ ನುಗ್ಗುತ್ತದೆ. ಸರಿಯಾದ ಅಂಕಿ ತೋರಿಸುವ ಮೀಟರ್ ಬೇಕಾಗುವುದು ಆಗಲೇ.

ಯಾವ ಮೀಟರ್‌ಗೆ ಮೊದಲ ಜಾಗ?

ಮೂರು ಮೀಟರ್ ತಂದರೆ ಅಂದ ನೋಡಿ ಸಾಲು ಜೋಡಿಸುವವರೇ ಹೆಚ್ಚು. ತೊಂದರೆ ಬಂದಾಗ ನಿಮಗೆ ಸಿಗುವ ಸಮಯ ನೋಡಿ ಜೋಡಿಸಿ.

ಆಯಿಲ್ ಒತ್ತಡ: ಇದು ಸೊನ್ನೆಗಿಳಿದ ಮೇಲೆ ಎಂಜಿನ್ ಓಡುತ್ತಲೇ ಇದ್ದರೆ ಬೇರಿಂಗುಗಳು ಬಹಳ ಬೇಗ ಸುಡುತ್ತವೆ. ಇಲ್ಲಿ ಲೆಕ್ಕ ಸೆಕೆಂಡುಗಳದ್ದು. ಆದ್ದರಿಂದ ಮೊದಲ ಜಾಗ ಇದಕ್ಕೆ.

ಟೆಂಪರೇಚರ್: ಇದು ಸಾಮಾನ್ಯವಾಗಿ ನಿಮಿಷಗಳಲ್ಲಿ ಏರುತ್ತದೆ. ಲೋಡ್ ಗಾಡಿ ಘಟ್ಟ ಹತ್ತುವಾಗ ಏರುತ್ತಿರುವುದನ್ನು ಕಂಡರೆ ಜಾಗ ನೋಡಿ ನಿಲ್ಲಿಸಲು ಸಮಯವಿರುತ್ತದೆ. ಎರಡನೇ ಜಾಗ.

ವೋಲ್ಟ್ ಮೀಟರ್: ಆಲ್ಟರ್ನೇಟರ್ ಕೆಟ್ಟರೂ ಬ್ಯಾಟರಿಯ ಬಲದಲ್ಲಿ ಗಾಡಿ ಸ್ವಲ್ಪ ಹೊತ್ತು ಸಾಗುತ್ತದೆ. ತಿರುಗಿ ನೋಡಬೇಕಾದ ಮೂಲೆಯಲ್ಲಿದ್ದರೂ ನಡೆಯುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿದ್ದಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ತೋರಿಸಬೇಕು. ಓಡುವಾಗಲೂ 13ಕ್ಕಿಂತ ಕೆಳಗೇ ನಿಂತರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ಅತಿಯಾಗಿ ಚಾರ್ಜ್ ಆಗುತ್ತಿದೆ ಎಂದರ್ಥ.

ಕಣ್ಣು ತಿರುಗಿಸಿದಷ್ಟು ಹೊತ್ತು ಗಾಡಿ ನಿಲ್ಲುವುದಿಲ್ಲ

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಗೇರ್ ರಾಡ್ ಹತ್ತಿರ ಇರುವ ಮೀಟರ್‌ನ ಅಂಕಿ ಓದಲು ಎರಡು ಸೆಕೆಂಡು ತಲೆ ಬಗ್ಗಿಸಿದರೆ 33 ಮೀಟರ್ ರಸ್ತೆಯನ್ನು ಕಣ್ಣು ಮುಚ್ಚಿ ದಾಟಿದಂತೆ. ಅಮೆರಿಕದ ವರ್ಜೀನಿಯಾ ಟೆಕ್ ಸಂಸ್ಥೆ ನೂರು ಕಾರುಗಳಿಗೆ ಕ್ಯಾಮೆರಾ ಅಳವಡಿಸಿ ನಡೆಸಿದ ಅಧ್ಯಯನದ ವರದಿ 2006ರಲ್ಲಿ ಬಂತು. ರಸ್ತೆಯಿಂದ ಎರಡು ಸೆಕೆಂಡಿಗಿಂತ ಹೆಚ್ಚು ಕಣ್ಣು ತೆಗೆದರೆ ಅಪಘಾತದ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅದರಲ್ಲಿ ಕಂಡುಬಂದಿತ್ತು.

ಇದಕ್ಕೆ ವಯಸ್ಸೂ ಸೇರುತ್ತದೆ. ನಲವತ್ತು ದಾಟಿದವರಿಗೆ ಚಾಳೀಸು ಬರುತ್ತದಲ್ಲ, ಅದಕ್ಕೆ ಕಾರಣ ಕಣ್ಣಿನ ಮಸೂರದ ಮೆತುತನ ಕಡಿಮೆಯಾಗುವುದು. ದೂರದ ರಸ್ತೆಯಿಂದ ಹತ್ತಿರದ ಅಂಕಿಗೆ ನೋಟ ಹೊಂದಿಸಲು ಅಂಥವರಿಗೆ ಹೆಚ್ಚು ಹೊತ್ತು ಬೇಕು. ಮೀಟರ್ ಮುಖಕ್ಕೆ ತೀರಾ ಹತ್ತಿರವಿದ್ದರೆ ಅಂಕಿ ಮಸುಕಾಗುತ್ತದೆ. ಡ್ಯಾಶ್‌ಬೋರ್ಡ್‌ನಷ್ಟು ದೂರದಲ್ಲಿ, ದೊಡ್ಡ ಅಂಕಿಗಳೊಂದಿಗೆ ಇದ್ದರೆ ಓದುವುದು ಸುಲಭ.

ಮೀಟರ್ ತಲೆ ತಿರುಗಿಸದೆ, ಕಣ್ಣನ್ನು ಮಾತ್ರ ಕೆಳಗಿಳಿಸಿ ನೋಡುವಂತಿರಬೇಕು. ಮುಖ ನಿಮ್ಮ ಕಡೆಗೆ ತಿರುಗಿರಬೇಕು. ಓರೆಯಾಗಿ ನೋಡಿದರೆ ಮುಳ್ಳು ಪಕ್ಕದ ಗೆರೆಯ ಮೇಲೆ ಇದ್ದಂತೆ ಕಾಣುತ್ತದೆ.

ಕಂಬದ ಮೇಲೆ ಯಾಕೆ ಬೇಡ?

ಮುಂದಿನ ಗಾಜಿನ ಎರಡೂ ಬದಿ ಇರುವ ಕಂಬಗಳನ್ನು ಎ-ಪಿಲ್ಲರ್ ಎನ್ನುತ್ತಾರೆ. ನಮ್ಮ ಗಾಡಿಗಳಲ್ಲಿ ಬಲಗಡೆಯ ಕಂಬ ಚಾಲಕನ ಮುಖಕ್ಕೆ ಹತ್ತಿರ. ಅಲ್ಲಿ ಮೀಟರ್ ಇದ್ದರೆ ಓದುವುದು ಸುಲಭ, ಅದು ನಿಜ. ‘ಕಂಬ ಹೇಗೂ ಅಡ್ಡ ಇದೆ, ಅದರ ಪಕ್ಕ ಎರಡು ಇಂಚು ಮೀಟರ್ ಕೂತರೆ ಏನಾದೀತು’ ಅನ್ನುವ ಮಾತು ಮಾತ್ರ ತಪ್ಪು. ನಿಮ್ಮ ಕೈಯಲ್ಲಿರುವ ಫೋನಿನಿಂದಲೇ ಇದನ್ನು ಪರೀಕ್ಷಿಸಬಹುದು.

ಗೋಡೆಯ ಮೇಲಿನ ಕ್ಯಾಲೆಂಡರ್‌ನಿಂದ ಸುಮಾರು 5 ಮೀಟರ್ ದೂರ ನಿಲ್ಲಿ. ಕೈ ಚಾಚಿ, ಎರಡು ಬೆರಳು ಜೋಡಿಸಿ ಕ್ಯಾಲೆಂಡರ್‌ಗೆ ಅಡ್ಡ ಹಿಡಿಯಿರಿ. ಎರಡೂ ಕಣ್ಣು ತೆರೆದು ಕ್ಯಾಲೆಂಡರ್ ಕಡೆ ನೋಡಿದರೆ ಅದರ ಯಾವ ಭಾಗವೂ ಮರೆಯಾಗುವುದಿಲ್ಲ. ಒಂದು ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6.5 ಸೆಂ.ಮೀ. ಅದಕ್ಕಿಂತ ಕಿರಿದಾದ ವಸ್ತು ದೂರದ್ದನ್ನು ಪೂರ್ತಿ ಮುಚ್ಚಲಾರದು.

ಈಗ ಬೆರಳಿನ ಬದಲು ಫೋನನ್ನು ನೆಟ್ಟಗೆ ಹಿಡಿಯಿರಿ. ಅದರ ಅಗಲ ಸುಮಾರು 7.5 ಸೆಂ.ಮೀ. ಕ್ಯಾಲೆಂಡರ್‌ನ ನಡುವಿನ ಒಂದು ಪಟ್ಟಿ ಕಾಣೆಯಾಗುತ್ತದೆ. ಕೊನೆಗೆ, ಇನ್ನೊಂದು ಕೈಯ ಎರಡು ಬೆರಳನ್ನು ಫೋನಿನ ಪಕ್ಕಕ್ಕೆ ಅಂಟಿಸಿ ಹಿಡಿಯಿರಿ. ಮರೆಯಾದ ಪಟ್ಟಿ ಒಮ್ಮೆಲೇ ಸುಮಾರು ಮೂರು ಪಟ್ಟಾಗುತ್ತದೆ. ಒಂಟಿಯಾಗಿ ಏನನ್ನೂ ಮುಚ್ಚದ ಅದೇ ಎರಡು ಬೆರಳು ಫೋನಿಗೆ ಅಂಟಿದಾಗ ಇಷ್ಟು ಮುಚ್ಚುತ್ತವೆ. ಕಂಬದ ಪಕ್ಕದ ಮೀಟರ್ ಮಾಡುವುದೂ ಇದನ್ನೇ.

ಗಾಡಿಯ ಲೆಕ್ಕ ನೋಡೋಣ. ಕಂಬದ ಅಗಲ 10 ಸೆಂ.ಮೀ., ಕಣ್ಣಿನಿಂದ ಅದರ ದೂರ 70 ಸೆಂ.ಮೀ. ಎಂದಿಟ್ಟುಕೊಳ್ಳಿ. 20 ಮೀಟರ್ ದೂರದಲ್ಲಿ ಎರಡೂ ಕಣ್ಣಿಗೆ ಕಾಣದ ಜಾಗದ ಅಗಲ ಸುಮಾರು 1 ಮೀಟರ್. ಪಕ್ಕದಲ್ಲಿ 6 ಸೆಂ.ಮೀ. ಅಗಲದ ಮೀಟರ್ ಡಬ್ಬಿ ಸೇರಿಸಿದರೆ ಅದು ಸುಮಾರು 2.8 ಮೀಟರ್ ಆಗುತ್ತದೆ. ಒಂದು ಬೈಕಿನ ಉದ್ದ ಸುಮಾರು 2 ಮೀಟರ್. ಮೊದಲು ಬೈಕಿನ ಮುಂದಿನ ಚಕ್ರವೋ ಹಿಂದಿನ ಸವಾರನೋ ಕಣ್ಣಿಗೆ ಬೀಳುತ್ತಿತ್ತು. ಈಗ ಸವಾರರ ಸಮೇತ ಇಡೀ ಬೈಕು ಮರೆಯಾಗಬಹುದು.

ವೃತ್ತದಲ್ಲಿ, ಬಲತಿರುವಿನಲ್ಲಿ ಇದು ಇನ್ನೂ ಅಪಾಯ. ನೀವೂ ಬಲದಿಂದ ಬರುವ ಬೈಕೂ ಒಂದೇ ಜಾಗದ ಕಡೆ ಸಾಗುತ್ತಿದ್ದರೆ, ಅದು ನಿಮ್ಮ ಕಣ್ಣಿಗೆ ಅದೇ ದಿಕ್ಕಿನಲ್ಲೇ ಉಳಿಯುತ್ತದೆ. ಕಂಬದ ಹಿಂದೆ ಅಡಗಿದ್ದು ಡಿಕ್ಕಿಯಾಗುವವರೆಗೂ ಕಂಬದ ಹಿಂದೆಯೇ ಇರಬಹುದು. ಹೊಸ ಗಾಡಿಗಳಲ್ಲಾದರೆ ಇನ್ನೊಂದು ಮಾತೂ ಸೇರುತ್ತದೆ: ಕೆಲವದರಲ್ಲಿ ಏರ್‌ಬ್ಯಾಗ್ ಈ ಕಂಬದ ಭಾಗದಿಂದಲೇ ತೆರೆದುಕೊಳ್ಳುತ್ತದೆ. ಅಲ್ಲಿ ಮೊಳೆ, ಸ್ಕ್ರೂ ಏನನ್ನೂ ಹಾಕಬಾರದು.

ಹಾಗಾದರೆ ಎಲ್ಲಿ?

ಸ್ಟೀರಿಂಗ್ ಹಿಂದೆ, ಮೂಲ ಮೀಟರ್‌ಗಳ ಪಕ್ಕ: ಒಂದೋ ಎರಡೋ ಮೀಟರ್‌ಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಣ್ಣು ಹೇಗೂ ಸ್ಪೀಡೋಮೀಟರ್‌ಗೆ ಹೋಗುತ್ತಿರುತ್ತದೆ. ಮೂಲ ಎಚ್ಚರಿಕೆ ದೀಪಗಳು ಮುಚ್ಚಬಾರದು, ಸ್ಟೀರಿಂಗ್ ತಿರುಗಿಸುವಾಗ ಕೈ ತಾಗಬಾರದು.

ಡ್ಯಾಶ್‌ಬೋರ್ಡ್ ನಡುವೆ, ಸ್ಟೀರಿಯೊ ಅಥವಾ ಸಾಮಾನಿನ ಗೂಡಿನ ಜಾಗ: ಹೆಚ್ಚಾಗಿ ಸಿಗುವ ಮೀಟರ್‌ಗಳ ವ್ಯಾಸ 52 ಮಿ.ಮೀ. ಮೂರೂ ಒಂದೇ ಕಡೆ ಬೇಕೆಂದರೆ ಇದು ಸರಿ. ಹಾಳೆಯನ್ನು ಸ್ವಲ್ಪ ಚಾಲಕನ ಕಡೆಗೆ ಓರೆ ಮಾಡಿಸಿ. ಮೇಲಿನ ಗೂಡಿದ್ದರೆ ಕೆಳಗಿನದನ್ನು ಬಿಡಿ.

ಡ್ಯಾಶ್‌ಬೋರ್ಡ್ ನೆತ್ತಿಯ ಮೇಲೆ: ಓದಲು ಸುಲಭ, ಆದರೆ ಮೂರು ತೊಡಕು. ಎತ್ತರ ಹೆಚ್ಚಾದರೆ ಬಾನೆಟ್ ಮುಂದೆ ಅಡ್ಡ ಬಂದ ಮಗುವೋ ನಾಯಿಯೋ ಕಾಣುವುದಿಲ್ಲ. ರಾತ್ರಿ ಅದರ ಬೆಳಕು ಗಾಜಿನಲ್ಲಿ ಪ್ರತಿಫಲಿಸುತ್ತದೆ. ಮೂರನೆಯದು ಬಿಸಿಲು: ಅಮೆರಿಕದ ಅರಿಝೋನಾದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡುಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಡಿಜಿಟಲ್ ಪರದೆಗೂ ಅಂಟಿಗೂ ಅಂಥ ಬಿಸಿ ಒಳ್ಳೆಯದಲ್ಲ.

ಡ್ಯಾಶ್‌ಬೋರ್ಡ್ ಕೆಳಗೆ, ಮೊಣಕಾಲಿನ ಹತ್ತಿರ: ಒಂದು ಪಟ್ಟಿ, ಎರಡು ಸ್ಕ್ರೂ, ಹತ್ತು ನಿಮಿಷದ ಕೆಲಸ. ಆದ್ದರಿಂದಲೇ ಎಷ್ಟೋ ಕಡೆ ಇಲ್ಲೇ ಹಾಕಿಬಿಡುತ್ತಾರೆ. ಇಲ್ಲಿ ತಲೆ ಬಗ್ಗಿಸಲೇಬೇಕು. ಡಿಕ್ಕಿಯಾದರೆ ಚೂಪಾದ ಪಟ್ಟಿ ಮೊಣಕಾಲಿಗೆ ನಾಟುತ್ತದೆ. ವೋಲ್ಟ್ ಮೀಟರ್ ಒಂದಕ್ಕೆ ಆಗಬಹುದು, ಅದೂ ಕಾಲು ತಾಗದ ಕಡೆ.

ತಲೆಯ ಮೇಲೆ, ಸನ್‌ವೈಸರ್ ಬಳಿ: ಬೇಡ. ಹೊಂಡಕ್ಕಿಳಿದಾಗ ತಲೆ ಹೋಗುವ ಜಾಗ ಅದು.

ಮುಳ್ಳು ನೆಟ್ಟಗೆ ನಿಲ್ಲಲಿ

ರೇಸ್ ಕಾರಿನವರು ಹಿಂದಿನಿಂದ ಬಳಸುವ ಒಂದು ಸುಲಭ ಉಪಾಯವಿದೆ. ಎಂಜಿನ್ ಸರಿಯಾಗಿ ಓಡುವಾಗ ಎಲ್ಲ ಮೀಟರ್‌ಗಳ ಮುಳ್ಳೂ ನೆಟ್ಟಗೆ ಮೇಲಕ್ಕೆ, ಗಡಿಯಾರದ ಹನ್ನೆರಡರ ಕಡೆ ಇರುವಂತೆ ಮೀಟರನ್ನೇ ತಿರುಗಿಸಿ ಕೂರಿಸುವುದು. ಅಂಕಿಗಳು ಓರೆಯಾಗಿ ಕಾಣುತ್ತವೆ, ಆದರೆ ಅಂಕಿ ಓದುವ ಕೆಲಸವೇ ಉಳಿಯುವುದಿಲ್ಲ. ಸಾಲಿನಲ್ಲಿ ಒಂದು ಮುಳ್ಳು ವಾಲಿದರೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಬೆಳಕು ಮಂದವಾಗಿರಲಿ, ಹೆಡ್‌ಲೈಟ್ ಸ್ವಿಚ್ ಜೊತೆ ಹೊತ್ತಲಿ. ಕಣ್ಣು ಕುಕ್ಕುವ ನೀಲಿಗಿಂತ ಕೆಂಪೋ ಹಳದಿಯೋ ಕತ್ತಲೆಗೆ ಒಗ್ಗಿದ ಕಣ್ಣಿಗೆ ಹಿತ.

ಯಾರೂ ಸದಾ ಮೀಟರ್ ನೋಡುತ್ತಾ ಕೂರಲಾರರು. ಆದ್ದರಿಂದ ಆಯಿಲ್ ಒತ್ತಡಕ್ಕೆ, ಟೆಂಪರೇಚರ್‌ಗೆ ಒಂದು ಬಜರ್ ಸೇರಿಸಿದರೆ ಇನ್ನೂ ಒಳ್ಳೆಯದು. ಕಿವಿಗೆ ಕಂಬ ಅಡ್ಡ ಬರುವುದಿಲ್ಲ.

ರಂಧ್ರ ಕೊರೆಯುವ ಮುನ್ನ ಕಾಗದದ ಬಿಲ್ಲೆ

ರಟ್ಟಿನಲ್ಲಿ 52 ಮಿ.ಮೀ. ಅಗಲದ ಮೂರು ಬಿಲ್ಲೆ ಕತ್ತರಿಸಿ. ಬೇಕಾದ ಜಾಗದಲ್ಲಿ ಟೇಪಿನಿಂದ ಅಂಟಿಸಿ, ಎರಡು ದಿನ ಮಾಮೂಲಿ ಕೆಲಸಕ್ಕೆ ಗಾಡಿ ಓಡಿಸಿ. ಒಮ್ಮೆ ರಾತ್ರಿಯೂ ಓಡಿಸಿ.

- ಬೆನ್ನು ಸೀಟಿಗೆ ಒರಗಿಸಿಯೇ ಮೂರೂ ಕಾಣುತ್ತವೆಯೇ?
- ಬಲಕ್ಕೆ, ಎಡಕ್ಕೆ ತಿರುಗುವಾಗ ಬಿಲ್ಲೆ ರಸ್ತೆಗೆ ಅಡ್ಡ ಬರುತ್ತದೆಯೇ?
- ಗೇರ್, ಹ್ಯಾಂಡ್‌ಬ್ರೇಕ್ ಹಾಕುವಾಗ ಕೈಗೆ ತಾಗುತ್ತದೆಯೇ?
- ಗಾಡಿಯನ್ನು ಇನ್ನೊಬ್ಬರೂ ಓಡಿಸುವುದಾದರೆ ಅವರ ಎತ್ತರಕ್ಕೂ ಸರಿಹೋಗುತ್ತದೆಯೇ?

ಬಿಲ್ಲೆ ಕೀಳಲು ಕಾಸು ಖರ್ಚಿಲ್ಲ. ಡ್ಯಾಶ್‌ಬೋರ್ಡ್‌ಗೆ ಕೊರೆದ ರಂಧ್ರ ಮುಚ್ಚಿಕೊಳ್ಳುವುದಿಲ್ಲ.

ಮೀಟರ್ ಹಿಂದಿನ ಕೆಲಸ

ಅಗ್ಗದ ಆಯಿಲ್ ಮೀಟರ್‌ಗಳಲ್ಲಿ ಕೆಲವು ಸಣ್ಣ ಪೈಪಿನ ಮೂಲಕ ಆಯಿಲ್ಲನ್ನೇ ಮೀಟರ್‌ವರೆಗೆ ತರುತ್ತವೆ. ವರ್ಷಗಳ ಅಲುಗಾಟಕ್ಕೆ ಆ ಪೈಪು ಬಿರಿದರೆ ಬಿಸಿ ಆಯಿಲ್ ಚಾಲಕನ ಕಾಲಿನ ಮೇಲೆ, ಪೆಡಲ್‌ಗಳ ಮೇಲೆ ಚಿಮ್ಮುತ್ತದೆ. ಎಂಜಿನ್ ಬಳಿ ಸೆನ್ಸರ್ ಇಟ್ಟು ವೈರ್ ಮಾತ್ರ ಒಳಗೆ ತರುವ ಬಗೆಯದನ್ನೇ ಕೊಳ್ಳಿ.

ಹಳೆಯ ಜೀಪುಗಳಲ್ಲಿದ್ದಂಥ ಆಂಪಿಯರ್ ಮೀಟರ್‌ಗಿಂತ ವೋಲ್ಟ್ ಮೀಟರ್ ಸುರಕ್ಷಿತ. ಆ ಬಗೆಯ ಆಂಪಿಯರ್ ಮೀಟರ್‌ನಲ್ಲಿ ಚಾರ್ಜಿಂಗ್‌ನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡ್ ಒಳಗೆ ಹರಿಯುತ್ತದೆ, ಒಂದು ನಟ್ಟು ಸಡಿಲವಾದರೂ ಬೆಂಕಿಗೆ ದಾರಿ.

ವೈರ್ ಎಂಜಿನ್ ಕೋಣೆಯ ತಗಡು ದಾಟುವ ಕಡೆ ರಬ್ಬರ್ ಬಳೆ ಕಡ್ಡಾಯ. ಇಲ್ಲದಿದ್ದರೆ ತಗಡಿನ ಅಂಚು ವೈರಿನ ಸಿಪ್ಪೆಯನ್ನು ನಿಧಾನಕ್ಕೆ ಕೊಯ್ಯುತ್ತದೆ. ಕರೆಂಟು ತೆಗೆದುಕೊಂಡ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ ಸಣ್ಣ ಫ್ಯೂಸ್ ಇರಲಿ. ಮೂಲ ಆಯಿಲ್ ದೀಪದ ಸ್ವಿಚ್ ಕಿತ್ತು ಆ ಜಾಗಕ್ಕೆ ಹೊಸ ಸೆನ್ಸರ್ ಹಾಕುವುದು ಬೇಡ. ಟಿ ಆಕಾರದ ಜೋಡಣೆ ಬಳಸಿ ಎರಡನ್ನೂ ಉಳಿಸಿಕೊಳ್ಳಿ. ಟೆಂಪರೇಚರ್ ಸೆನ್ಸರ್ ಎಂಜಿನ್ನಿನಿಂದ ಬಿಸಿನೀರು ಹೊರಬರುವ ಕಡೆ ಇರಬೇಕು. ರೇಡಿಯೇಟರ್‌ನ ಕೆಳಗಿನ ಪೈಪಿನಲ್ಲಿಟ್ಟರೆ ತಣಿದ ನೀರಿನ ಲೆಕ್ಕ ಸಿಗುತ್ತದೆ.

ಮುಳ್ಳು ಹೇಳುವುದನ್ನು ಹೀಗೆ ಓದಿ

‘100 ಡಿಗ್ರಿ ದಾಟಿದರೆ ನೀರು ಕುದಿಯಿತು’ ಎಂಬುದು ಪೂರ್ತಿ ನಿಜವಲ್ಲ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಕಾಯುತ್ತದೆ, ಆದ್ದರಿಂದ ಕುದಿಯುವ ಬಿಂದು ಮೇಲೇರುತ್ತದೆ. 1 ಬಾರ್ ಮುಚ್ಚಳವಿದ್ದರೆ ಬರಿ ನೀರೂ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಅದೇ ಕಾರಣಕ್ಕೆ ಬಿಸಿ ಎಂಜಿನ್ನಿನ ಮುಚ್ಚಳ ತೆರೆಯುವುದು ಅಪಾಯ. ಒತ್ತಡ ಹೋದ ಕ್ಷಣವೇ ನೀರು ಆವಿಯಾಗಿ ಮುಖಕ್ಕೆ ಹಾರುತ್ತದೆ. ಎಷ್ಟು ಡಿಗ್ರಿವರೆಗೆ ಸರಿ ಎಂಬುದಕ್ಕೆ ನಿಮ್ಮ ಗಾಡಿಯ ಕೈಪಿಡಿಯ ಅಂಕಿಯೇ ಕೊನೆಯ ಮಾತು.

‘ಮುಳ್ಳು ಇಳಿಯಿತು, ಎಂಜಿನ್ ತಣ್ಣಗಾಯಿತು’ ಎಂದು ನೆಮ್ಮದಿಪಡುವುದೂ ತಪ್ಪಾಗಬಹುದು. ಪೈಪು ಒಡೆದು ನೀರೆಲ್ಲ ಹೋದರೆ ಸೆನ್ಸರ್ ಗಾಳಿಯಲ್ಲಿ ಉಳಿಯುತ್ತದೆ, ಆಗ ಮುಳ್ಳು ಕೆಳಗಿಳಿಯಬಹುದು. ಏರು ರಸ್ತೆಯಲ್ಲಿ ಮುಳ್ಳು ಥಟ್ಟನೆ ಬಿದ್ದರೆ ಅದೂ ನಿಲ್ಲಿಸಬೇಕಾದ ಸೂಚನೆಯೇ.

ಆಯಿಲ್ ಒತ್ತಡ ಬಿದ್ದರೆ ಗಾಡಿಯನ್ನು ಪಕ್ಕಕ್ಕೆ ತಂದು ಕೂಡಲೇ ಎಂಜಿನ್ ಆಫ್ ಮಾಡಿ. ‘ಮುಂದಿನ ಊರಿನವರೆಗೆ ಹೋಗೋಣ’ ಅನ್ನುವುದು ಬೇಡ. ಟೆಂಪರೇಚರ್ ಏರುತ್ತಿದ್ದರೆ ಏಸಿ ಆಫ್ ಮಾಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪೂರ್ತಿ ತಣಿದ ಮೇಲೆಯೇ ನೀರು ನೋಡಿ.

ಮೊದಲ ವಾರ ಒಂದು ಚೀಟಿಯಲ್ಲಿ ಬರೆದಿಡಿ: ಖಾಲಿ ಗಾಡಿ ಸಮತಟ್ಟಿನಲ್ಲಿ ಎಷ್ಟು, ಲೋಡ್ ಗಾಡಿ ಏರಿನಲ್ಲಿ ಎಷ್ಟು. ಪ್ರತಿ ಹಳೇ ಎಂಜಿನ್ನಿಗೂ ಅದರದೇ ಮಾಮೂಲು ಇರುತ್ತದೆ. ಆ ಮಾಮೂಲು ಗೊತ್ತಿದ್ದರೆ ತೊಂದರೆ ಬರುವ ಮೊದಲೇ ಮೀಟರ್ ಅದನ್ನು ಹೇಳುತ್ತದೆ.

ಕಂಬದ ಮೇಲೆ ಮೂರು ಮೀಟರ್ ಹೊಳೆಯುವ ವಿಡಿಯೊ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಫೋನು ಮತ್ತು ಎರಡು ಬೆರಳಿನ ಆ ಪರೀಕ್ಷೆಯನ್ನು ಕಳಿಸಿದವರಿಗೂ ಮಾಡಲು ಹೇಳಿ. ಅರ್ಧ ನಿಮಿಷದ ಕೆಲಸ. ಮೀಟರ್ ಕೂರಿಸುವ ಜಾಗವನ್ನು ಅವರೇ ಬದಲಿಸುತ್ತಾರೆ.